ಬೀಗ ಹಾಕಿದ ಖೋಲಿಯ ಹಾಡು

ಖಡಕಿ, ಪುಣೆ
ಶನಿವಾರ

ಮಹಡಿ ಮನೆಯ ಕಲ್ಲವ್ವಕ್ಕನಿಗೆ ಜೈಭೀಮ್.

ನೀವು ಗುಜರಿಗೆ ಹಾಕಲಿದ್ದ ಹಳೆಯ ವೈಫೈ ರೂಟರನ್ನು ನನ್ನ ತಮ್ಮ ಪ್ರೇಮಕುಮಾರ ಸರಿಮಾಡಿ ನನ್ನ ಸ್ಟೀರಿಯೊಗೆ ಜೋಡಿಸಿದ. ಮೇಲೆ ನಿಮ್ಮ ಮನೆಯಲ್ಲಿ ಹಾಡು ಹಾಕಲಾಗದೆಂದು ಅದರ ಪಾಸ್‌ವರ್ಡ್ ನೀವು ಕೇಳಿದಿರಿ, ಕೊಟ್ಟೆ. ನೀವು ಮೇಲೆ ಅಡುಗೆಮನೆಯಲ್ಲಿ ಮೊಬೈಲ್ ಒತ್ತಿದರೆ ಕೆಳಗೆ ನನ್ನ ಬಾಡಿಗೆ ಖೋಲಿಯಲ್ಲಿ ಹಾಡು ಏಳುತ್ತದೆ. "ಶಿವಕಾಂತಾ, ಕೆಲಸಕ್ಕ ಹೋಗೂಮುಂದ ಕಿಟಕಿ ಮುಚ್ಚಬ್ಯಾಡವಾ, ನನಗ ಕೇಳಸಬೇಕು," ಎಂದಿರಿ. ಮುಚ್ಚಲಿಲ್ಲ.

ನಿನ್ನೆ ನೀವು ಹಾಕಿದ ಬಾಬಾಸಾಹೇಬರ ಹಾಡು, ಮಧ್ಯಾಹ್ನವೇ ಮನೆಗೆ ಬಂದ ನಿಮ್ಮ ಯಜಮಾನರ ಕಿವಿಗೆ ಬಿತ್ತು. ಸಂಜೆ ನನ್ನನ್ನು ತಡೆದು, "ನಿಮ್ಮ ಮಂದಿ ಹಾಡು ನನ್ನ ಮನ್ಯಾಗ ನಡಿಯಂಗಿಲ್ಲ. ಖೋಲಿ ಖಾಲಿ ಮಾಡು," ಎಂದರು.

"ನಾ ಕಾರ್ಖಾನ್ಯಾಗ ಇದ್ನಿರೀ," ಎಂದೆ.

"ಮತ್ತ ಬೀಗ ಹಾಕಿದ ಖೋಲ್ಯಾಗ ದೆವ್ವ ಹಾಡತದೇನು?"

ನೀವು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿರಿ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ.

ನಿಮ್ಮ ಹೆಸರನ್ನು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ಅಕ್ಕಾ, ಹಾಡು ನಿಮಗೆ, ಬೈಗುಳ ನನಗೆ ಎಂಬ ಈ ಪಾಲನ್ನು ನಾನು ಒಪ್ಪುವುದಿಲ್ಲ. ಕದ್ದು ಕೇಳುವುದಕ್ಕೆಂದು ಕಟ್ಟಿದ ಹಾಡಲ್ಲ ಅದು.

ನಾಳೆ ಭಾನುವಾರ, ಯಜಮಾನರು ಮನೆಯಲ್ಲೇ ಇರುತ್ತಾರೆ. ಬೆಳಿಗ್ಗೆ ನನ್ನ ಫೋನನ್ನು ಅವರ ಕೈಗೇ ಕೊಟ್ಟು, ಅವರಿಗೆ ಕಾಣುವಂತೆ ಅಂಗಳದಲ್ಲಿ ಕೂರುತ್ತೇನೆ. ಆಗ ನೀವು ಅವರ ಎದುರಿಗೇ ಹಾಡು ಹಾಕಿ. ಬಾಯಿಂದ ಮಾತು ಬಾರದಿದ್ದರೆ ಬೇಡ, ಬೆರಳು ಒತ್ತಿದರೆ ಸಾಕು.

ಸ್ಟೀರಿಯೊದ ದನಿಯನ್ನು ಪೂರ್ತಿ ಏರಿಸಿಟ್ಟಿದ್ದೇನೆ.

ಕೆಳಗಿನ ಖೋಲಿಯ
ಶಿವಕಾಂತಾ