ಹಿಂದೆ ಕೂತಿದ್ದ ಪ್ರಶ್ನೆ

ಇಲೊಯ್ಲೊ, ಮಾರ್ಚ್ 14, ಶುಕ್ರವಾರ ರಾತ್ರಿ

ಸಿಟ್ಟು ಇನ್ನೂ ಇಳಿದಿಲ್ಲ! ಅತ್ತೆಯ ಪ್ರಿಂಟಿಂಗ್ ಅಂಗಡಿಗೆ ನಾನು ಅಷ್ಟು ಪ್ರೀತಿಯಿಂದ ಬರೆದುಕೊಟ್ಟ ಕಂಪ್ಯೂಟರ್ ಸ್ಕ್ರಿಪ್ಟ್ ಒಂದು ವಾರದಿಂದ ಕೆಲಸವನ್ನೇ ಮಾಡುತ್ತಿಲ್ಲವಂತೆ. "ಎಷ್ಟು ಜೋಡಿ ನಿನೊಂಗ್, ನಿನಾಂಗ್?" ಎಂದು ಒಂದು ಪುಟ್ಟ ಡೈಲಾಗ್ ಬಾಕ್ಸ್‌ನಲ್ಲಿ ಕೇಳಿ, ಮದುವೆಗೆ ಸಾಕ್ಷಿ ನಿಲ್ಲುವ ಆ ಹಿರಿಯ ಗಂಡಸರ, ಹೆಂಗಸರ ಹೆಸರುಗಳನ್ನು ಆಮಂತ್ರಣ ಪತ್ರಿಕೆಯಲ್ಲಿ ಜೋಡಿಸುವುದು ಅದರ ಕೆಲಸ. ಕೆಟ್ಟಿದೆ ಅಂತ ಯಾರೂ ನನಗೆ ಹೇಳಲಿಲ್ಲ! ಹೊಸ ಸೊಸೆ ನೊಂದುಕೊಂಡಾಳೆಂದು ಅತ್ತೆ ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿದ್ದಾರೆ. ಒಬ್ಬ ನಿನಾಂಗ್ ಅವರ ಹೆಸರೇ ಬಿಟ್ಟುಹೋಗಿದೆ. ಇವತ್ತು ಮದುಮಗಳ ತಾಯಿ ಅಂಗಡಿಗೆ ಬಂದು ಕೂಗಾಡಿದಾಗಲೇ ನನಗೆ ಗೊತ್ತಾದದ್ದು.

"ಚೆನ್ನಾಗಿ ನಡೀತಿದೆ ಅಂತ ದಿನಾ ಹೇಳ್ತಿದ್ರಲ್ಲ, ನನಾಯ್?" ಎಂದು ಅತ್ತೆಯನ್ನೇ ಕೇಳಿದೆ.

"ನಿನ್ನ ಮುಖ ನೋಡಿ ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ಮಗಳೇ."

ನನ್ನ ಗಂಡ ರೆನ್ಜೆಲ್ ಆದರೂ (ಅಯ್ಯೋ, ಆ ಕೆನ್ನೆಗುಳಿ!) ನನ್ನ ಪರ ನಿಲ್ಲಬೇಡವೇ? "ಮನೇಲಿರೋ ಹಳೇ ಕಂಪ್ಯೂಟರಲ್ಲಿ ಸರಿಯಾಗೇ ಇತ್ತಲ್ಲ ಚಿನ್ನಾ," ಅಂತ ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ತುರೋನ್ ಮೆಲ್ಲುತ್ತಾ ನಿಂತ. ಅದೇ ತಾನೇ ವಿಷಯ! ಅಂಗಡಿಯ ಕಂಪ್ಯೂಟರಿನಲ್ಲಿರುವುದು ಡಿಸೈನ್ ಸಾಫ್ಟ್‌ವೇರಿನ ಹೊಸ ವರ್ಷನ್. "ಸಮಯ ಮೀರಿದೆ" ಎಂಬ ಎರರ್ ಬರುವುದು ಅಲ್ಲಿ ಮಾತ್ರ. ಡಿಸೈನ್ ವಿಂಡೋವನ್ನು ಪಕ್ಕಕ್ಕೆ ಎಳೆದು ನೋಡಿದೆ. ನನ್ನ ಪ್ರಶ್ನೆ ಅದರ ಹಿಂದೆ ಉತ್ತರಕ್ಕೆ ಕಾಯುತ್ತಾ ಸುಮ್ಮನೆ ಕೂತಿತ್ತು! ಮೊದಲು ಮುಂದೆ ಬಾ, ಆಮೇಲೆ ಕೇಳು ಎಂದು ಒಂದು ಸಾಲು ಸೇರಿಸಿದೆ. ಸರಿಹೋಯಿತು.

ಪತ್ರಿಕೆಗಳನ್ನು ಮತ್ತೆ ಅಚ್ಚು ಹಾಕಿದೆವು. ಬಾಗಿಲು ಹಾಕುವಾಗ ಅತ್ತೆ, "ಈಗಂತೂ ತುಂಬಾ ಚೆನ್ನಾಗಿದೆ," ಅಂದರು.

ನಿಜವಾಗಿಯೂ? ಇನ್ನು ಹೇಗೆ ನಂಬಲಿ? ನಾನು ಮಾಡಿದ ಮಾಂಸದ ಅಡೋಬೊ ಉಣ್ಣುವಾಗಲೂ ಅವರು ದಿನಾ ಹೀಗೇ ಅನ್ನುತ್ತಾರಲ್ಲ...