ಮೂರು ದಿನದ ಗಡಿಯಾರಕ್ಕೆ ಐದು ನಕ್ಷತ್ರ

ಗ್ರಾಹಕ ಹಿತರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಹೊಸ ಉಪಕರಣವೊಂದು ಮಾರುಕಟ್ಟೆಗೆ ಕಾಲಿಡುವ ದಿನವೇ ಅದನ್ನು ಹಾಡಿ ಹೊಗಳುವ ವಿಮರ್ಶೆಗಳನ್ನು ನಂಬಿ ನಾನು ಕೆಟ್ಟೆ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ನಾನೂ ಅಂಥದೊಂದು ವಿಮರ್ಶೆ ಬರೆದು ಇನ್ನೊಬ್ಬರನ್ನು ಕೆಡಿಸಿದೆ. ಇವೆರಡನ್ನೂ ನಿವೇದಿಸಿಕೊಂಡು ಕಳೆದ ತಿಂಗಳು ದೂರು ಸಲ್ಲಿಸಿದಾಗ ತಮ್ಮ ಕಚೇರಿಯಿಂದ ನಾಲ್ಕೇ ಸೆಕೆಂಡಿನಲ್ಲಿ ಉತ್ತರ ಬಂತು: ‘ನಿಮ್ಮ ದೂರು ತಲುಪಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ದೂರನ್ನು ಇನ್ನೂ ಯಾರೂ ಓದಿಲ್ಲ, ಸೇವೆ ಇನ್ನೂ ಶುರುವಾಗಿಲ್ಲ, ಅಷ್ಟರಲ್ಲೇ ಪ್ರಶಸ್ತಿಪತ್ರಕ್ಕೆ ಕೈ ಚಾಚಿದ್ದೀರಿ! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಇರಬೇಕು. ಆ ಬಳಿಕ ತಮ್ಮಿಂದ ಸದ್ದಿಲ್ಲ. ಆದ್ದರಿಂದ ಈಗ ಊರೆದುರಿಗೇ ಬರೆಯುತ್ತಿದ್ದೇನೆ.

ನಾನು ಕಾರು ಕಲಿಸುವವನು. ಇಪ್ಪತ್ತೆರಡು ವರ್ಷಗಳಿಂದ ಪಕ್ಕದ ಸೀಟಿನಲ್ಲಿ ಕೂತು, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಪರರ ತಪ್ಪುಗಳಿಂದ ಅನ್ನ ಸಂಪಾದಿಸುತ್ತಿದ್ದೇನೆ. ನನ್ನ ತಾಯಿಗೆ ಎಪ್ಪತ್ತೊಂದು ವರ್ಷ. ಪುಸ್ತಕ ಕಟ್ಟುವ ಕಸುಬು. ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಹಾಳೆ, ನೂಲು, ರಟ್ಟು, ಅಂಟಿನ ಡಬ್ಬಗಳ ನಡುವೆ ಒಬ್ಬಳೇ ಕೂತು, ಬೆನ್ನು ಮುರಿದ ಹಳೆಯ ಪುಸ್ತಕಗಳಿಗೆ ಹೊಸ ಬೆನ್ನು ಕೂರಿಸುತ್ತಾಳೆ. ನಾನು ಮನೆಯಿಂದ ಹೊರಟರೆ ಮತ್ತೆ ಮುಖ ತೋರಿಸುವುದು ಊಟದ ಹೊತ್ತಿಗೆ. ಅಷ್ಟರಲ್ಲಿ ಅವಳು ಜಾರಿ ಬಿದ್ದರೆ ಗತಿಯೇನು ಎಂಬ ಚಿಂತೆ ನನ್ನನ್ನು ಕೊರೆಯುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಈ ಗಡಿಯಾರ. ಕೈಗೆ ಕಟ್ಟಿಕೊಂಡವರು ಬಿದ್ದರೆ ಅದೇ ತಿಳಿದುಕೊಂಡು ಮನೆಯವರಿಗೆ ಕರೆ ಮಾಡುತ್ತದಂತೆ.

ನಾನೇನು ಕಣ್ಣು ಮುಚ್ಚಿ ಕೊಳ್ಳಲಿಲ್ಲ ಮಾನ್ಯರೇ. ಲಕ್ಷಾಂತರ ಜನ ನೋಡುವ ವಿಮರ್ಶಕರೊಬ್ಬರ ವಿಡಿಯೊ ನೋಡಿದೆ. ಗಡಿಯಾರ ಅಂಗಡಿಗೆ ಬಂದ ಬೆಳಿಗ್ಗೆಯೇ ವಿಡಿಯೊವೂ ಬಂದಿತ್ತು. ‘ಮೂರು ದಿನ ಕೈಯಿಂದ ಬಿಚ್ಚದೆ ಬಳಸಿದ್ದೇನೆ’ ಎಂದು ಆ ಮಹನೀಯರು ಮೆತ್ತನೆಯ ಹಾಸಿಗೆಯ ಮೇಲೆ ಮೂರು ಸಲ ಧೊಪ್ಪನೆ ಬಿದ್ದರು. ಮೂರು ಸಲವೂ ಗಡಿಯಾರ ಅವರ ಹೆಂಡತಿಗೆ ಕರೆ ಮಾಡಿತು. ಪಕ್ಕದಲ್ಲೇ ನಿಂತಿದ್ದ ಆಕೆ ಮೂರು ಸಲವೂ ಬೆರಗಾದರು. ಇನ್ನೇನು ಪುರಾವೆ ಬೇಕು? ಅಂದೇ ತರಿಸಿದೆ.

ಪೆಟ್ಟಿಗೆಯೊಳಗೆ ಒಂದು ಚೀಟಿಯಿತ್ತು. ನಲವತ್ತೆಂಟು ಗಂಟೆಯೊಳಗೆ ಐದು ನಕ್ಷತ್ರದ ವಿಮರ್ಶೆ ಬರೆದರೆ ಇನ್ನೊಂದು ಬಣ್ಣದ ಪಟ್ಟಿ ಉಚಿತ. ಅಮ್ಮ ಅದನ್ನು ಇನ್ನೂ ಕೈಗೆ ಕಟ್ಟಿಯೇ ಇರಲಿಲ್ಲ, ಬ್ಯಾಟರಿ ತುಂಬುತ್ತಿತ್ತು. ನಾನು ಬರೆದೆ: ‘ಅದ್ಭುತ. ನನ್ನ ತಾಯಿಗೆ ರಕ್ಷಾಕವಚ.’ ನೀಲಿ ಪಟ್ಟಿ ಬಂತು. ಆಗ ನನ್ನ ಬಳಿ ಕಾರು ಕಲಿಯುತ್ತಿದ್ದವರು ಒಬ್ಬ ಆಸ್ಪತ್ರೆಯ ದಾದಿ. ಅವರೆದುರು ನನ್ನ ಬರಹವನ್ನು ಹೆಮ್ಮೆಯಿಂದ ಓದಿದೆ. ಮಾರನೆಯ ವಾರ ಅವರು ಕಾರಿಗೆ ಹತ್ತುತ್ತಲೇ ಹೇಳಿದರು: “ಸರ್, ನೀವು ಹೇಳಿದ್ರಿ ಅಂತ ನಮ್ಮತ್ತೆಗೂ ಒಂದು ತಗೊಂಡೆ.”

ಈಗ ಗಡಿಯಾರದ ಪ್ರತಾಪ ಕೇಳಿ. ಅಮ್ಮ ಎಡಗೈಯವಳು. ಸುತ್ತಿಗೆ ಹಿಡಿಯುವುದೂ ಅದೇ ಕೈಯಲ್ಲಿ, ಗಡಿಯಾರ ಕಟ್ಟುವುದೂ ಅದೇ ಕೈಗೆ. ಹೊಲಿದ ಪುಸ್ತಕದ ಬೆನ್ನನ್ನು ದುಂಡಗೆ ಮಾಡಲು ಅವಳು ಸುತ್ತಿಗೆಯಿಂದ ಒಂದೇ ಸಮನೆ ಬಡಿಯುತ್ತಾಳೆ. ಗಡಿಯಾರಕ್ಕೆ ಪ್ರತಿ ಏಟೂ ಒಂದು ಪತನ. ‘ನೀವು ಬಿದ್ದಿದ್ದೀರಾ?’ ಎಂದು ಅದು ಕೇಳುತ್ತದೆ. ಬಡಿತದ ಸದ್ದಿನಲ್ಲಿ ಅವಳಿಗೆ ಕೇಳಿಸದು. ಕೇಳಿಸಿದರೂ ಬೆರಳ ತುಂಬ ಅಂಟು, ಪರದೆ ಒತ್ತಿದರೆ ಒಪ್ಪದು. ಅರ್ಧ ನಿಮಿಷ ಕಾದು ನನಗೆ ಕರೆ. ಮೊದಲನೆಯ ದಿನ ದಾದಿಯವರು ವೃತ್ತದಲ್ಲಿ ಕಾರು ತಿರುಗಿಸುತ್ತಿದ್ದಾಗ ಫೋನು ಕಿರುಚಿತು: ‘ತುರ್ತು ಕರೆ! ನಿಮ್ಮ ತಾಯಿ ಬಿದ್ದಿದ್ದಾರೆ!’ ಅವರು ಬೆದರಿ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು ಬ್ರೇಕ್ ಒತ್ತಿದೆ. ನಮ್ಮ ಹಿಂದೆ ಹದಿನಾಲ್ಕು ವಾಹನಗಳು ಏಕಕಂಠದಿಂದ ನಮ್ಮ ವಂಶವನ್ನು ಸ್ಮರಿಸಿದವು.

ಏದುಸಿರು ಬಿಡುತ್ತಾ ಮನೆಗೆ ಓಡಿದರೆ ಅಮ್ಮ ಕನ್ನಡಕದ ಮೇಲಿಂದ ನೋಡಿದಳು.

“ಏನೋ ಇದು, ಇಷ್ಟು ಬೇಗ? ಕೆಲಸದಿಂದ ತೆಗೆದುಹಾಕಿದ್ರಾ?”

“ನೀನು ಬಿದ್ದೆ ಅಂತ ಕರೆ ಬಂತಮ್ಮ.”

“ನಾನೆಲ್ಲಿ ಬಿದ್ದೆ? ಬಿದ್ದಿದ್ದು ನೀನು, ಆ ವಿಡಿಯೊದವನ ಮಾತಿಗೆ.”

ಆ ವಾರ ಹದಿನೇಳು ಸಲ ಬಿದ್ದಳು, ಗಡಿಯಾರದ ಲೆಕ್ಕದಲ್ಲಿ. ತಿಂಗಳು ತುಂಬುವಷ್ಟರಲ್ಲಿ ನಾನೂ ತೋಳ ಬಂತು ತೋಳ ಕಥೆಯ ಊರಿನವನಾದೆ. ತುರ್ತು ಕರೆಯ ಸದ್ದು ಅಡಗಿಸಿ ಬರೀ ನಡುಕಕ್ಕೆ ಇಳಿಸಿದೆ. ಜೇಬಿನಲ್ಲಿ ಫೋನು ನಡುಗಿದರೆ ‘ಅಮ್ಮ ಕೆಲಸ ಮಾಡುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ’ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಅಪಾಯ ತಿಳಿಸುವ ಯಂತ್ರ ಕ್ಷೇಮಸಮಾಚಾರದ ಯಂತ್ರವಾಗಿ ಬಡ್ತಿ ಪಡೆದಿತ್ತು. ಈ ಸೌಲಭ್ಯ ವಿಮರ್ಶೆಯಲ್ಲಿ ಬಂದಿರಲಿಲ್ಲ.

ಎರಡನೇ ತಿಂಗಳ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆ. ಆ ವಾರ ದಾದಿಯವರಿಗೆ ಭಾನುವಾರ ರಜೆ ಬಂದದ್ದರಿಂದ ಅಂದು ಪಾಠ. ಫೋನು ಜೇಬಿನಲ್ಲಿ ನಡುಗಿತು. ಸುಮ್ಮನಿದ್ದೆ. ಮತ್ತೆ ನಡುಗಿತು.

“ಸರ್, ನಿಮ್ಮ ಫೋನು.”

“ಏನಿಲ್ಲ, ನಮ್ಮಮ್ಮ ಪುಸ್ತಕ ಬಡೀತಿದ್ದಾಳೆ. ನೀವು ಕನ್ನಡಿ ನೋಡಿ.”

ಮೂರನೆಯ ಸಲ ನಡುಗಿದಾಗ ಅವರು ತಾವಾಗಿಯೇ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಸಂಕೇತ ತೋರಿಸಿ, ಕನ್ನಡಿ ನೋಡಿ, ಅಚ್ಚುಕಟ್ಟಾಗಿ. “ಸರ್, ಭಾನುವಾರ ಅಮ್ಮ ಸುತ್ತಿಗೆ ಮುಟ್ಟಲ್ಲ, ಅಕ್ಕಪಕ್ಕದವರು ಮಲಗಿರ್ತಾರೆ ಅಂತ ನೀವೇ ಹೇಳಿದ್ರಲ್ಲ?”

ನನಗೆ ಸೀಟು ಬದಲಿಸಲೂ ತೋಚಲಿಲ್ಲ. “ಬೆಲ್ಟ್ ಹಾಕಿಕೊಂಡೇ ಇರಿ, ದಾರಿ ಹೇಳಿ ಸಾಕು” ಎಂದರು ಅವರು. ಎರಡು ತಿಂಗಳಿಂದ ಮೂರನೇ ಗೇರು ಎಂದರೆ ಹೆದರುತ್ತಿದ್ದ ಹೆಂಗಸು ಅಂದು ನಾಲ್ಕನ್ನೂ ಹಾಕಿದರು. ನನ್ನ ಕಾಲು ಒಮ್ಮೆಯೂ ಬ್ರೇಕ್ ಒತ್ತಲಿಲ್ಲ.

ಅಮ್ಮ ಕೆಳಗಿನ ಕೋಣೆಯಲ್ಲಿ ಕಪಾಟಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮೇಲಿನ ಹಲಗೆಯಲ್ಲಿದ್ದ ಕನ್ನಡಕ ತೆಗೆಯಲು ಸ್ಟೂಲು ಹತ್ತಿದ್ದಳಂತೆ. ಸ್ಟೂಲು ಜಾರಿ, ಕಪಾಟು ಹಿಡಿದುಕೊಂಡೇ ನಿಧಾನವಾಗಿ ಕೆಳಗಿಳಿದಿದ್ದಾಳೆ. ಕಣಕಾಲು ಮಾತ್ರ ಅಡಿಗೆ ಸಿಕ್ಕಿ ಮುರಿದಿದೆ. ಫೋನು ಮಹಡಿಯ ಮೇಲೆ. ಗಡಿಯಾರದ ಪರದೆಯ ಮೇಲೆ ಶನಿವಾರದ ಅಂಟು ಒಣಗಿ ಕೂತಿತ್ತು, ಒತ್ತಿದರೆ ಜಪ್ಪಯ್ಯ ಅನ್ನಲಿಲ್ಲ. ಬಿದ್ದದ್ದು ಅದರ ಗಮನಕ್ಕೇ ಬಂದಿರಲಿಲ್ಲ. ಬದಲಿಗೆ ಅದು ಸಂದೇಶ ತೋರಿಸಿತ್ತು: ‘ನೀವು ವಿಶ್ರಾಂತಿ ಪಡೆಯುತ್ತಿದ್ದೀರಿ. ಶಹಬ್ಬಾಸ್!’

“ಮತ್ತೆ ಕರೆ ಹೇಗೆ ಬಂತಮ್ಮ?”

ಅವಳು ಪಕ್ಕದಲ್ಲಿದ್ದ ಸುತ್ತಿಗೆ ತೋರಿಸಿದಳು. “ಒಂದು ಗಂಟೆ ಕಾದೆ. ಬಿದ್ರೆ ಇದಕ್ಕೆ ಗೊತ್ತಾಗಲ್ಲ, ಬಡಿದ್ರೆ ಗೊತ್ತಾಗುತ್ತೆ ಅಂತ ನೆನಪಾಯ್ತು. ತೆವಳಿಕೊಂಡು ಹೋಗಿ ಸುತ್ತಿಗೆ ತಗೊಂಡು ನೆಲಕ್ಕೆ ಬಡಿದೆ. ಯಂತ್ರ ಮೊದಲನೇ ಏಟಿಗೇ ಎದ್ದಿತು ಕಣೋ. ನೀನೇ ಏಳಲಿಲ್ಲ.”

ದಾದಿಯವರು ಎರಡು ರಟ್ಟಿನ ತುಂಡುಗಳ ನಡುವೆ ಕಾಲಿಟ್ಟು, ಪುಸ್ತಕ ಹೊಲಿಯುವ ಪಟ್ಟಿಯಿಂದ ಬಿಗಿದು, ತಮ್ಮದೇ ಆಸ್ಪತ್ರೆಗೆ ಕರೆದೊಯ್ದರು. “ಅಂಚು ಸ್ವಲ್ಪ ಸೊಟ್ಟ ಆಯ್ತಮ್ಮ” ಎಂದು ಅಮ್ಮ ಆ ನೋವಿನಲ್ಲೂ ಕಟ್ಟಿನ ಕುಂದು ಹುಡುಕಿದಳು. ಆರು ವಾರಕ್ಕೆ ಮೂಳೆ ಕೂಡಿತು. ದಾದಿಯವರು ಅಂದೇ ಸಂಜೆ ಅತ್ತೆಯ ಕೈಗಡಿಯಾರ ಬಿಚ್ಚಿಸಿ, ಅವರ ಕೊರಳಿಗೆ ಒಂದು ಸೀಟಿ ಹಾಕಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ನಾನು ಆ ವಿಮರ್ಶಕರಿಗೆ ಬರೆದೆ. ಒಳ್ಳೆಯ ಮನುಷ್ಯ, ಫೋನನ್ನೇ ಮಾಡಿದರು. “ಯಾವ ಗಡಿಯಾರ ಸರ್ ಅದು? ಆಮೇಲೆ ಹತ್ತೊಂಬತ್ತು ಬಂದು ಹೋದವು. ಕಂಪನಿಯವರು ನಾಲ್ಕನೇ ದಿನ ವಾಪಸ್ ತಗೊಂಡ್ರು.”

“ಹಾಗಾದ್ರೆ ಎರಡು ತಿಂಗಳು ಬಳಸಿ ಬರೀಬಹುದಿತ್ತಲ್ಲ?”

“ಬಿಡುಗಡೆ ದಿನ ಹಾಕಿದ್ರೆ ಊರೆಲ್ಲ ನೋಡುತ್ತೆ. ಎರಡು ತಿಂಗಳಾದ್ಮೇಲೆ ಹಾಕಿದ್ರೆ ನನ್ನ ಹೆಂಡತಿನೂ ನೋಡಲ್ಲ ಸರ್. ಕೆಟ್ಟದಾಗಿ ಹೇಳಿದ್ರೆ ಮುಂದಿನ ಸಲ ನನಗೆ ಮೊದಲೇ ಕಳಿಸೋದೂ ಇಲ್ಲ.”

ಅವರು ಸುಳ್ಳು ಹೇಳಿರಲಿಲ್ಲ ಮಾನ್ಯರೇ, ಅದೇ ತೊಡಕು. ಮೂರು ದಿನದಲ್ಲಿ ಎಷ್ಟು ಕಂಡಿತೋ ಅಷ್ಟನ್ನು ಹೇಳಿದ್ದರು. ಹಾಸಿಗೆಯ ಮೇಲೆ ಬೀಳುವುದು ನಿಜವಾದ ಬೀಳುವಿಕೆಯೇ? ಕೈಗೆ ಅಂಟು ಮೆತ್ತದ, ಸುತ್ತಿಗೆ ಹಿಡಿಯದ, ವಯಸ್ಸಾಗದ ಮನುಷ್ಯ ಮೂರು ದಿನ ಕಟ್ಟಿಕೊಂಡರೆ ಯಾವ ಗಡಿಯಾರ ತಾನೇ ಕೆಟ್ಟದ್ದು? ಮದುವೆಯಾದ ಮೂರನೇ ದಿನ ಅಳಿಯನ ಗುಣ ಕೇಳಿದರೆ ಯಾವ ಅತ್ತೆ ತಾನೇ ಕಡಿಮೆ ನಕ್ಷತ್ರ ಕೊಟ್ಟಾಳು? ಖಾಲಿ ಮೈದಾನದಲ್ಲಿ ಮೂರು ಸುತ್ತು ಹೊಡೆದವರಿಗೆ ನಾನು ಲೈಸೆನ್ಸ್ ಕೊಡಿಸಿದರೆ ತಾವು ಸುಮ್ಮನಿರುತ್ತೀರಾ? ನನ್ನ ಬಳಿ ಕಲಿಯುವವರ ಕಾರಿಗೆ ಹಿಂದೆ ಮುಂದೆ ಕೆಂಪಕ್ಷರದ ಫಲಕ ಹಾಕಿಸುವ ಸರ್ಕಾರ, ಮೂರು ದಿನದ ಅನುಭವಿಗಳನ್ನು ಮಾತ್ರ ಯಾವ ಫಲಕವೂ ಇಲ್ಲದೆ ಹೆದ್ದಾರಿಗೆ ಬಿಟ್ಟಿರುವುದೇಕೆ?

ಬೇಗ ಬಂದ ವಿಮರ್ಶೆಯೆಲ್ಲ ಕಸ ಎಂದು ನಾನು ಹೇಳುತ್ತಿಲ್ಲ. ಬಣ್ಣ ಹೇಗಿದೆ, ತೂಕ ಎಷ್ಟು, ಪರದೆ ಬಿಸಿಲಲ್ಲಿ ಕಾಣುತ್ತದೆಯೇ, ಇವಕ್ಕೆ ಮೂರು ದಿನ ಧಾರಾಳವಾಯಿತು. ಬಾಳಿಕೆಗೂ ಭರವಸೆಗೂ ಸಾಲದು. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪ್ರತಿ ವಿಮರ್ಶೆಯ ನೆತ್ತಿಯ ಮೇಲೆ, ಎಷ್ಟು ದಿನ ಬಳಸಿದ್ದು, ವಸ್ತು ಕೊಟ್ಟವರು ಯಾರು, ಈಗ ಅದು ಯಾರ ಬಳಿ ಇದೆ ಎಂಬುದು ದಪ್ಪಕ್ಷರದಲ್ಲಿರಲಿ. ಬಿಡುಗಡೆಯ ದಿನ ಹೊಗಳಿದವರು ಆರು ತಿಂಗಳ ನಂತರ ಅದೇ ಜಾಗದಲ್ಲಿ ಎರಡನೇ ಮಾತು ಬರೆಯಲಿ, ಬಳಸುತ್ತಿಲ್ಲವಾದರೆ ಅದನ್ನೇ ಬರೆಯಲಿ. ನೀಲಿ ಪಟ್ಟಿಯ ಆಸೆ ತೋರಿಸಿ ನಕ್ಷತ್ರ ಬೇಡುವ ಚೀಟಿಗಳನ್ನು ನಿಷೇಧಿಸಿ. ಮೊದಲ ಅಪರಾಧಿಯಾಗಿ ನನ್ನ ಹೆಸರನ್ನೇ ದಾಖಲಿಸಿಕೊಳ್ಳಬಹುದು. ಆ ನೀಲಿ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ನನ್ನ ಐದು ನಕ್ಷತ್ರಗಳನ್ನು ಅಳಿಸಿಹಾಕಿದ್ದೇನೆ. ಆ ಜಾಗದಲ್ಲಿ ನೀನೇ ಏನಾದರೂ ಹೇಳು ಎಂದು ಅಮ್ಮನನ್ನು ಕೇಳಿದೆ. ಅವಳು ಹೊಲಿಯುತ್ತಿದ್ದ ನೂಲನ್ನು ಹಲ್ಲಿನಿಂದ ಕತ್ತರಿಸಿ ಹೇಳಿ ಬರೆಸಿದ್ದನ್ನು ಒಂದಕ್ಷರ ತಿದ್ದದೆ ಹಾಕಿದ್ದೇನೆ. ತಮ್ಮ ಅವಗಾಹನೆಗೆ:

“ನಾಲ್ಕು ತಿಂಗಳು ಕಟ್ಟಿಕೊಂಡಿದ್ದೀನಿ. ಟೈಮು ಸರಿಯಾಗಿ ತೋರಿಸುತ್ತೆ. ಮಿಕ್ಕಿದ್ದಕ್ಕೆ ಒಬ್ಬ ಮಗನನ್ನ ಇಟ್ಕೊಳ್ಳಿ. ಅವನೂ ಅಷ್ಟೇನೂ ಚುರುಕಲ್ಲ, ಆದ್ರೆ ಮೂರನೇ ಸಲ ಕರೆದ್ರೆ ಬರ್ತಾನೆ.”

ಇಂತಿ,
ಮೇಲ್ಕಂಡ ಮಗ