ನಾಲ್ಕನೇ ಲೈಟು

ನವೆಂಬರ್ 12, 2013, ಮಂಗಳವಾರ

ರಿಪೇರಿಗೆ ಎರಡು ರಿಮೋಟ್, ಒಂದು ಡಿವಿಡಿ ಪ್ಲೇಯರ್, ಒಂದು ಮಿಕ್ಸಿ. ಮಿಕ್ಸಿಯೊಳಗೆ ಸತ್ತ ಜಿರಲೆ. ತಂದ ಯಜಮಾನರಿಗೆ ತೋರಿಸಿದೆ. "ನಮ್ಮನೇಲಿ ಜಿರಲೇನೇ ಇಲ್ಲ ಕಣ್ರೀ" ಎಂದರು. ಸರಿ, ವಿದ್ಯಾರಣ್ಯಪುರದ ಜಿರಲೆಗಳೆಲ್ಲ ನನ್ನ ಅಂಗಡಿಗೇ ಬಂದು ಮಿಕ್ಸಿಯೊಳಗೆ ಸಾಯುತ್ತವೆ ಎಂದುಕೊಳ್ಳೋಣ. ಇಂಥವರ ತಲೆಯನ್ನೇ ಜಾರಿಗೆ ಹಾಕಿ ತಿರುಗಿಸಬೇಕು.

ಮಧ್ಯಾಹ್ನ ಮುನೇಶ ಬಂದ. ನನ್ನ ಹೆಂಡತಿ ಶಶಿಯ ತಮ್ಮ. ಹಾಲಿನ ಕ್ಯಾನು ಇನ್ನೂ ಬೈಕಿನಲ್ಲೇ. ಜಕ್ಕೂರಿನ ಅವರ ಮನೆ ಸುತ್ತ ಅಪಾರ್ಟ್‌ಮೆಂಟ್ ಎದ್ದಿದ್ದರೂ ಹಿತ್ತಿಲಲ್ಲಿ ಆರು ಹಸು ಇವೆ. ಹಾಲು ಕರೆಯುವವನು ಇವನೊಬ್ಬನೇ, ಅದೂ ಕೈಯಲ್ಲಿ. ತನ್ನ ಗೇಮ್ ಕಂಟ್ರೋಲರ್ ತಂದಿದ್ದ. ನಡುವಿನ ಬಟನ್ ಸುತ್ತ ನಾಲ್ಕು ಹಸಿರು ಲೈಟುಗಳಿವೆಯಲ್ಲ, ಅವೆಲ್ಲ ಕೆಂಪಾಗಬೇಕಂತೆ.

"ಕೆಂಪು ಹಾಕ್ಕೊಟ್ರೆ ಭಾನುವಾರ ನಿನ್ನ ಸೋಲಿಸ್ತೀನಿ ಭಾವ."

"ಮೊದ್ಲು ಹಸು ಒದೀದಂಗೆ ಹಾಲು ಕರಿಯೋದು ಕಲ್ತ್ಕೋ ಹೋಗೋ."

ಆ ಕಂಟ್ರೋಲರಿನಲ್ಲಿ ಹೋದ ವರ್ಷ ನಾನೇ ಹಾಕಿಕೊಟ್ಟ ಟರ್ಬೊ ಚಿಪ್ ಇದೆ. ಬೆನ್ನ ಮೇಲಿನ ಪುಟ್ಟ ಸ್ವಿಚ್ ಆನ್ ಮಾಡಿದರೆ ಆಟದಲ್ಲಿ ಗನ್ ತಾನಾಗಿಯೇ ಪಟಪಟ ಹೊಡೆಯುತ್ತದೆ, ನಾಲ್ಕನೇ ಲೈಟು ಹತ್ತಿಕೊಳ್ಳುತ್ತದೆ. ಮನೆಯಲ್ಲಿ ಆಡಲು ತಮಾಷೆ. ಭಾನುವಾರ ನನ್ನ ಅಂಗಡಿಯಲ್ಲಿ ನಡೆಯುವ ಮ್ಯಾಚಿಗೆ ಮಾತ್ರ ಒಂದೇ ರೂಲ್ — ನಾಲ್ಕನೇ ಲೈಟು ಕಂಡರೆ ಮೋಸ. ನಾನೇ ಮಾಡಿದ ರೂಲ್. ಗೋಡೆಗೆ ಅಂಟಿಸಿದ್ದೇನೆ.

ನವೆಂಬರ್ 14, ಗುರುವಾರ, ಸಂಜೆ 5

ನಿನ್ನೆ ಎಸ್.ಪಿ. ರೋಡಿನಿಂದ ಕೆಂಪು ಎಲ್‌ಇಡಿ ತಂದೆ. ಸಾಸಿವೆ ಕಾಳಿನಷ್ಟಿವೆ. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತವೆ. ಮೊದಲೆರಡು ಹತ್ತಲೇ ಇಲ್ಲ. ಹಳೆಯವುಗಳಲ್ಲಿ ಮೈನಸ್ ಕಡೆ ಇರುತ್ತಿದ್ದ ಚುಕ್ಕೆ ಇವುಗಳಲ್ಲಿ ಪ್ಲಸ್ ಕಡೆಗಿದೆ. ಮಾಡಿದವನ ಮನೆ ಹಾಳಾಗ. ಕಿತ್ತು, ತಿರುಗಿಸಿ, ಮತ್ತೆ ಬೆಸುಗೆ ಹಾಕಿದೆ. ನಾಲ್ಕೂ ಹತ್ತಿದವು.

ಆಮೇಲೆ ಹೊಸ ತಲೆನೋವು. ಟರ್ಬೊ ಸ್ವಿಚ್ ಆಫ್ ಇದ್ದರೂ ನಾಲ್ಕನೆಯದು ಸಣ್ಣಗೆ ಉರಿಯುತ್ತದೆ. ಬೋರ್ಡನ್ನು ಸ್ಪಿರಿಟ್ಟಿನಲ್ಲಿ ತೊಳೆದೆ. ಅದೇ. ಎಲ್‌ಇಡಿ ಬದಲಿಸಿದೆ. ಅದೇ. ಕೊನೆಗೆ ಮೀಟರ್ ಹಿಡಿದಾಗ ತಿಳಿಯಿತು. ಚಿಪ್ಪಿನಿಂದ ಚೂರು ಕರೆಂಟು ಸದಾ ಸೋರುತ್ತದೆ. ಹಸಿರಿಗೆ ಅದು ಸಾಲುತ್ತಿರಲಿಲ್ಲ. ಕೆಂಪಿಗೆ ಕಡಿಮೆ ವೋಲ್ಟೇಜ್ ಸಾಕು, ಅಷ್ಟಕ್ಕೇ ಕಣ್ಣು ಬಿಡುತ್ತದೆ. ಲೈಟಿನ ಎರಡು ತುದಿಗೂ ಸೇರಿಸಿ ಒಂದು ಸಣ್ಣ ರೆಸಿಸ್ಟರ್ ಹಾಕಿದರೆ ಸೋರಿದ್ದು ಅದರಲ್ಲೇ ಹರಿದುಹೋಗುತ್ತದೆ. ಆ ಸೈಜಿನದು ನನ್ನ ಹತ್ತಿರ ಇಲ್ಲ. ಮತ್ತೆ ಎಸ್.ಪಿ. ರೋಡಿಗೆ ಯಾರು ಹೋಗುತ್ತಾರೆ, ಹೆಬ್ಬಾಳ ದಾಟುವಷ್ಟರಲ್ಲಿ ಜೀವ ಹೋಗುತ್ತದೆ. ಬೆಳಕಿನಲ್ಲಿ ಕಾಣುವುದೇ ಇಲ್ಲ. ಮುಚ್ಚಿ ಸ್ಕ್ರೂ ಹಾಕಿ ಕೊಟ್ಟೆ. ಮುನೇಶನಿಗೆ ಹೇಳಲಿಲ್ಲ. ಹೇಳಿದರೆ ಗೇಲಿ ಮಾಡುತ್ತಾನೆ.

ನವೆಂಬರ್ 17, ಭಾನುವಾರ

ಮುನೇಶನ ಕೈ ಮುರಿದೆ.

ನಡೆದದ್ದನ್ನು ಬರೆದಿಡುತ್ತೇನೆ.

ಮಧ್ಯಾಹ್ನ ಮೂರಕ್ಕೆ ಮ್ಯಾಚು. ಬೇರೆಯವರೆಲ್ಲ ಸೋತು, ಕೊನೆಗೆ ನಾನು ಮತ್ತು ಮುನೇಶ. ಸೋತವನು ಎಲ್ಲರ ಎದುರು ಮೀಸೆ ಬೋಳಿಸಿಕೊಳ್ಳಬೇಕು — ಬಾಜಿ ಕಟ್ಟಿದವನೂ ನಾನೇ. ಮೂರು ವರ್ಷದಿಂದ ಈ ಅಂಗಡಿಯಲ್ಲಿ ನನ್ನನ್ನು ಯಾರೂ ಸೋಲಿಸಿಲ್ಲ. ಬಿಸಿಲು ಸ್ಕ್ರೀನಿಗೆ ಹೊಡೆಯುತ್ತಿತ್ತು. ಶಟರ್ ಪೂರ್ತಿ ಎಳೆದು ಕತ್ತಲೆ ಮಾಡಿದೆ. ಮೊದಲ ಆಟ ಸೋತೆ. ಎರಡನೆಯದೂ ಸೋತೆ. ಕಾಲೇಜು ಹುಡುಗರು ಏಳೆಂಟು ಜನ ಇದ್ದರು. ಒಬ್ಬ ರೇಜರ್ ತರಲು ಹೊರಟ. "ಮಗಾ, ಶೇವಿಂಗ್ ಕ್ರೀಮ್ ಮರೀಬೇಡ" ಎಂದು ಇನ್ನೊಬ್ಬ. ಎಲ್ಲರಿಗೂ ನಗು. ಮುನೇಶನೂ ನಕ್ಕ.

ಆಗ ಅವನ ಕೈಯಲ್ಲಿ ಕಂಡಿತು. ನಾಲ್ಕನೇ ಲೈಟು. ಕೆಂಪಗೆ.

ಶಟರ್ ಎಳೆಯುವ ಕೊಕ್ಕೆ ಕಂಬಿ ಪಕ್ಕದಲ್ಲೇ ಒರಗಿತ್ತು. ಎತ್ತಿ ಅವನ ಭುಜಕ್ಕೆ ಬಾರಿಸಿದೆ. ಕುರ್ಚಿ ಸಮೇತ ಉರುಳಿದ. "ಭಾವ, ಆಫ್ ಐತೆ, ನೋಡು ಭಾವ" ಎಂದು ಕೂಗಿದ. ಮೋಸ ಮಾಡಿ ಮೇಲೆ ಮಾತು ಬೇರೆ. ಸ್ವಿಚ್ ನೋಡುತ್ತಾ ಕೂರುವ ಸಮಾಧಾನ ನನಗಿರಲಿಲ್ಲ, ನೋಡಲಿಲ್ಲ. ಎರಡನೆಯ ಏಟು ಬಲಗೈ ಮೇಲೆ. ಮೂರನೆಯದೂ ಅಲ್ಲೇ. ಒಣಗಿದ ಸೌದೆ ಮುರಿದ ಹಾಗೆ ಸದ್ದಾಯಿತು. ನಗುತ್ತಿದ್ದವರು ಶಟರ್ ಅರ್ಧ ಎತ್ತಿ ಕೆಳಗೆ ನುಸುಳಿ ಓಡಿದರು.

ಅವನು ಅಳಲಿಲ್ಲ. ಕೈಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ನೆಲದ ಮೇಲೆ ರಕ್ತ, ಕಿತ್ತುಬಂದ ಉಗುರು ಒಂದು.

ನವೆಂಬರ್ 18, ಸೋಮವಾರ

ಮೂರು ಬೆರಳು, ಅಂಗೈಯ ಎರಡು ಮೂಳೆ. ರಾಡು ಹಾಕಿದ್ದಾರೆ. ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ಮುನೇಶ "ಹಸು ತುಳೀತು" ಎಂದನಂತೆ. ಅಕ್ಕನ ಗಂಡ ಸ್ಟೇಷನ್ನಿಗೆ ಹೋಗಬಾರದೆಂದು. ಶಶಿ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಅವ್ನು ಮೋಸ ಮಾಡ್ದ ಕಣೇ" ಎಂದೆ.

"ಮಾಡಿದ್ರೆ? ಆಟಕ್ಕೆ ಕೈ ಮುರೀತಾರೇನ್ರೀ?"

ಬಟ್ಟೆ ತುಂಬಿಕೊಂಡು ತವರಿಗೆ ಹೋದಳು. ಹಸುಗಳನ್ನು ಕರೆಯಬೇಕಲ್ಲ. ಹೋಗಲಿ.

ನವೆಂಬರ್ 19, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಮಹೇಂದ್ರ ಬಂದ. ಶಶಿಯ ಅಣ್ಣ, ನೀರಿನ ಟ್ಯಾಂಕರ್ ಓಡಿಸುತ್ತಾನೆ. ಟ್ಯಾಂಕರನ್ನು ರಸ್ತೆಯ ಮಧ್ಯೆಯೇ ನಿಲ್ಲಿಸಿ, ಜಾಕ್ ರಾಡು ಹಿಡಿದು ಒಳಗೆ ಬಂದ. ಮೊದಲು ಶೋಕೇಸ್ ಗಾಜು, ಆಮೇಲೆ ಎರಡು ಟಿವಿ, ಆಮೇಲೆ ನಾನು. ನಾನೂ ಬಿಡಲಿಲ್ಲ. ಕಾದ ಸೋಲ್ಡರಿಂಗ್ ಐರನ್ ತೆಗೆದು ಅವನ ತೋಳಿಗೆ ಒತ್ತಿದೆ. ಚರ್ಮ ಸುಟ್ಟ ವಾಸನೆ ಬಂತು. ಮೊಣಕೈಯಿಂದ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ಗಾಜಿನ ಚೂರುಗಳ ನಡುವೆ ಬಿತ್ತು. ಎದೆ ಮೇಲೆ ಕೂತು ಕತ್ತು ಹಿಸುಕಿದ.

"ನನ್ ತಮ್ಮ ಮೋಸ ಮಾಡವ್ನೆ ಅಂತೀಯಾ? ಸುಳ್ಳು ಅಂತ ಗೊತ್ತಾದ್ ದಿನ ನಿನ್ ಎರಡೂ ಕೈ ತೆಗೀತೀನಿ ಲೇ ವಿಜಿ. ಮುನೇಶ್ವರನ್ ಆಣೆ."

ಬೇಕರಿಯವರು ಬಂದು ಬಿಡಿಸಿದರು. ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ಹಲ್ಲು ಜೇಬಿನಲ್ಲಿದೆ. ಯಾಕೆ ಎತ್ತಿಟ್ಟುಕೊಂಡೆನೋ.

ನವೆಂಬರ್ 21, ಗುರುವಾರ

ಅಂಗಡಿ ಗುಡಿಸುವಾಗ ಟೇಬಲ್ ಕೆಳಗೆ ಮುನೇಶನ ಕಂಟ್ರೋಲರ್ ಸಿಕ್ಕಿತು. ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸ್ವಿಚ್ ಆಫ್. ಅಂಗೈ ಅಡ್ಡ ಹಿಡಿದು ಕತ್ತಲೆ ಮಾಡಿ ನೋಡಿದೆ. ನಾಲ್ಕನೇ ಲೈಟು ಉರಿಯುತ್ತಿತ್ತು. ಈ ಡೈರಿಯಲ್ಲಿ ಹದಿನಾಲ್ಕನೇ ತಾರೀಖಿನ ಪುಟ ತೆಗೆದೆ. ಎಲ್ಲ ನನ್ನ ಅಕ್ಷರದಲ್ಲೇ ಇದೆ.

ಮೋಸ ಮಾಡಿಲ್ಲ ಅವನು. ಲೈಟು ಹಾಕಿದವನು ನಾನು, ರೂಲ್ ಮಾಡಿದವನು ನಾನು, ಶಟರ್ ಎಳೆದವನು ನಾನು.

ಹೇಳಬೇಕು. ಹೇಳಿದರೆ ಮಹೇಂದ್ರ ಕೈ ತೆಗೆಯುತ್ತಾನೆ, ಶಶಿ ಬರುವುದಿಲ್ಲ. ಹೇಳದಿದ್ದರೆ ಮುನೇಶ ಊರಿನ ಬಾಯಲ್ಲಿ ಕಳ್ಳ. ಅಪಾರ್ಟ್‌ಮೆಂಟಿನವರು ಆಗಲೇ "ಆಟದಲ್ಲಿ ಮೋಸ ಮಾಡೋನು ಹಾಲಿಗೆ ನೀರು ಹಾಕಲ್ವಾ" ಎನ್ನುತ್ತಿದ್ದಾರಂತೆ. ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇಲ್ಲಿ ಕುಯ್ದದ್ದು ಬೇರೆಯವನ ಮೂಗು.

ನವೆಂಬರ್ 23, ಶನಿವಾರ

ಶಶಿಯ ದೊಡ್ಡಪ್ಪ ಅಶ್ವತ್ಥಪ್ಪನವರು ಫೋನ್ ಮಾಡಿದ್ದರು. ಮನೆಯ ಜಗಳ, ಪೊಲೀಸು ಬೇಡ, ಸೋಮವಾರ ಮುನೇಶ್ವರನ ಗುಡಿಯಲ್ಲಿ ಇಬ್ಬರೂ ಕರ್ಪೂರ ಆರಿಸಿ ಸತ್ಯ ಹೇಳಬೇಕು. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಿದ ಮೇಲೆ ಅವರ ಮನೆಯಲ್ಲಿ ಆ ವಿಷಯವನ್ನು ಮತ್ತೆ ಯಾರೂ ಎತ್ತುವುದಿಲ್ಲ. ಒಪ್ಪಿಕೊಂಡೆ. ಅಲ್ಲಿಯೇ ಎಲ್ಲರ ಎದುರು ಹೇಳಿಬಿಡುತ್ತೇನೆ.

ನವೆಂಬರ್ 25, ಕಾರ್ತಿಕ ಸೋಮವಾರ

ಹೇಳಲಿಲ್ಲ.

ಕಂಟ್ರೋಲರ್ ಚೀಲದಲ್ಲೇ ಇತ್ತು. ಮುನೇಶ ಬಲಗೈಗೆ ಜೋಳಿಗೆ ಕಟ್ಟಿಕೊಂಡು ಬಂದಿದ್ದ. ಅವನ ತಾಯಿ ಮುನಿಯಲ್ಲಮ್ಮ ತಟ್ಟೆ ಹಿಡಿದಿದ್ದರು. ವಾರದಿಂದ ಹಾಲು ಕರೆದು ಅವರ ಮಣಿಕಟ್ಟು ಊದಿತ್ತು. ಕೆಂದ ಹಸು ಬೇರೆಯವರ ಕೈಗೆ ಸೊರೆ ಬಿಡುತ್ತಿಲ್ಲವಂತೆ, ಕೆಚ್ಚಲು ಬಾತು ಕಲ್ಲಾಗಿದೆಯಂತೆ.

"ಎಡಗೈ ಆಯ್ತದಾ ದೊಡ್ಡಪ್ಪ?" ಎಂದು ಕೇಳಿದ ಮುನೇಶ.

"ಬಲಗೈ ಇಲ್ವಲ್ಲಪ್ಪ. ದೇವ್ರಿಗೂ ಗೊತ್ತಾಯ್ತದೆ, ಆರ್ಸು."

"ನಾನು ಸ್ವಿಚ್ ಆನ್ ಮಾಡಿರ್ಲಿಲ್ಲ" ಎಂದು ಹೇಳಿ, ಎಡಗೈಯಿಂದ ರಪ್ಪನೆ ಹೊಡೆದು ಆರಿಸಿದ. ಏನೂ ಆಗಲಿಲ್ಲ. ಮಸಿ ಅಷ್ಟೇ.

ನನ್ನ ಸರದಿ. ಅಶ್ವತ್ಥಪ್ಪನವರು ಕೇಳಿದ್ದು ಒಂದೇ. "ಲೈಟು ಅತ್ತಿದ್ದು ಕಂಡ್ಯಾ?" ಬೇರೆ ಏನನ್ನೂ ಕೇಳಲಿಲ್ಲ. ಕಂಡೆ ಎಂದೆ. ಅದು ನಿಜ. ಆದರೆ ಕೈ ಇಳಿಸುವಾಗ ತಡೆದೆ. ಬೆಂಕಿ ಅಂಗೈಗೆ ಅಂಟಿತು.

"ಇಬ್ರೂ ನಿಜಾನೇ ಏಳವ್ರೆ. ಗ್ರಾಚಾರ. ಇಂಗೆ ಆಗ್ಬೇಕಿತ್ತು, ಆಯ್ತು. ಇನ್ನು ಯಾರೂ ಮಾತಾಡಂಗಿಲ್ಲ" ಎಂದರು. ಮಹೇಂದ್ರ ನೆಲಕ್ಕೆ ಉಗಿದು ಟ್ಯಾಂಕರ್ ಹತ್ತಿದ. ಮುನಿಯಲ್ಲಮ್ಮ ನನ್ನ ಅಂಗೈಯ ಬೊಬ್ಬೆಯನ್ನು ಒಂದು ಸಲ ನೋಡಿ, ಸೆರಗಿನ ತುದಿಯಿಂದ ವಿಭೂತಿ ಹಚ್ಚಿದರು. ಆ ಮುದುಕಿ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ನವೆಂಬರ್ 28, ಗುರುವಾರ, ಸಂಜೆ

ಶಶಿ ಬಂದಿದ್ದಳು, ಸ್ವೆಟರ್ ಒಯ್ಯಲು. ಈ ಮೂರು ದಿನವೂ ನಾನು ಮನೆಯಲ್ಲೇ ಇದೇ ಕಂಟ್ರೋಲರ್ ಹಿಡಿದು ಕೂತಿದ್ದೇನೆ. ರೆಸಿಸ್ಟರ್ ತಂದಿದ್ದೇನೆ, ಯಶವಂತಪುರದಲ್ಲೇ ಸಿಕ್ಕಿತು, ಹೆಬ್ಬಾಳ ದಾಟಬೇಕಾಗಿಯೇ ಇರಲಿಲ್ಲ. ಬೆಸುಗೆ ಹಾಕಿದರೆ ಐದು ನಿಮಿಷದ ಕೆಲಸ, ಸಾಕ್ಷಿ ಹೋಗುತ್ತದೆ. ಕೈ ಬರಲಿಲ್ಲ.

ಕರೆಂಟು ಹೋಯಿತು. ಕಿಟಕಿಗೆ ಪರದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಕಂಟ್ರೋಲರ್ ಮೇಜಿನ ಮೇಲೆ ಕೆಂಪಗೆ ಉರಿಯುತ್ತಿತ್ತು. ಅವಳು ಬಾಗಿಲಲ್ಲೇ ನಿಂತಳು. ಬಂದು ಎತ್ತಿಕೊಂಡು, ತಿರುಗಿಸಿ ಸ್ವಿಚ್ ಮುಟ್ಟಿ ನೋಡಿದಳು. ಆಫ್. ಮತ್ತೆ ತಿರುಗಿಸಿ ಲೈಟು ನೋಡಿದಳು.

"ಇದು ಆಫ್ ಇದ್ರೂ ಉರಿಯುತ್ತಾ?"

ನಾನು ಲ್ಯಾಪ್‌ಟಾಪಿನಿಂದ ವೈರು ಕಿತ್ತೆ.

"ಯಾವಾಗಿಂದ ಗೊತ್ತು ನಿಮ್ಗೆ?"

ಸಿಟ್ಟು ಬಂತು. ಇದಕ್ಕೂ ಸಿಟ್ಟೇ! ಮೀಟರ್ ಎತ್ತಿ ಗೋಡೆಗೆ ಅಪ್ಪಳಿಸಿದೆ, ಅವಳ ಕಿವಿಯ ಪಕ್ಕದಲ್ಲೇ ಚೂರಾಯಿತು. ಕೈ ಎತ್ತಿದೆ. ಅವಳು ಹಿಂದೆ ಸರಿಯಲಿಲ್ಲ. ತನ್ನ ಬಲಗೈಯನ್ನೇ ಮೇಜಿನ ಮೇಲೆ ಚಾಚಿಟ್ಟಳು.

"ಹೊಡೀರಿ. ಕಂಬಿ ತರ್ಲಾ?"

ಎತ್ತಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಕುಳಿತು ಅತ್ತೆ. ನಾಚಿಕೆಯಾಗುವಷ್ಟು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ.

"ನಾಳೆ ಬೆಳಿಗ್ಗೆ ಬಂದು ನೀವೇ ಹೇಳ್ಬೇಕು. ಮುನೇಶಂಗೆ, ನಮ್ಮಣ್ಣನ ಎದುರ್ಗೇ. ನನ್ ಕೈಲಿ ಹೇಳ್ಸುದ್ರೆ ನಾನು ಮತ್ತೆ ಈ ಮನೆ ಮೆಟ್ಲು ಹತ್ತಲ್ಲ." ಸ್ವೆಟರ್ ಬಿಟ್ಟೇ ಹೋದಳು.

ನವೆಂಬರ್ 29, ಶುಕ್ರವಾರ, ಬೆಳಿಗ್ಗೆ 7.40

ಹೊರಟಿದ್ದೇನೆ. ಚೀಲದಲ್ಲಿ ಕಂಟ್ರೋಲರ್, ಲ್ಯಾಪ್‌ಟಾಪ್, ಶಶಿಯ ಸ್ವೆಟರ್, ಈ ಡೈರಿ. ಮಹೇಂದ್ರ ಇವತ್ತು ಟ್ಯಾಂಕರ್ ತೆಗೆದಿಲ್ಲವಂತೆ. ಮನೆಯಲ್ಲೇ ಇದ್ದಾನೆ. ಬಲಗೈಯಲ್ಲಿ ಬರೆಯುವುದು ಇದೇ ಕೊನೆಯಾದರೂ ಆಗಬಹುದು. ಬೊಬ್ಬೆ ಒಡೆದು ಪೆನ್ನು ಅಂಟುತ್ತಿದೆ.

ಹದಿನಾಲ್ಕನೇ ತಾರೀಖಿನ ಪುಟ ಮಡಿಚಿಟ್ಟಿದ್ದೆ, ಓದಿ ತೋರಿಸಲು. ಆಮೇಲೆ ಅನ್ನಿಸಿತು, ಅದನ್ನಷ್ಟೇ ಓದಿದರೆ ರೆಸಿಸ್ಟರ್ ಹಾಕದ ಸೋಮಾರಿತನ ಮಾತ್ರ ನನ್ನ ತಪ್ಪಾಗುತ್ತದೆ. ಗೊತ್ತಿಲ್ಲದೆ ಹೊಡೆದ ಪಾಪ ಎನ್ನುತ್ತಾರೆ. ಮುನೇಶ ಕ್ಷಮಿಸಿಯೂ ಬಿಡುತ್ತಾನೆ, ಅವನು ಅಂಥವನೇ.

ಹದಿನೇಳರ ಪುಟದಲ್ಲಿ ಸುಳ್ಳಿದೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಹೋಗುವ ಮುಂಚೆ ತಿದ್ದುತ್ತೇನೆ.

ಸ್ವಿಚ್ ನೋಡಲಿಲ್ಲ ಎಂದು ಬರೆದಿದ್ದೇನೆ. ನೋಡಿದೆ. ಮೊದಲ ಏಟಿಗೆ ಕಂಟ್ರೋಲರ್ ಮಗುಚಿ ನನ್ನ ಕಾಲ ಹತ್ತಿರವೇ ಬಿತ್ತು, ಬೆನ್ನು ಮೇಲಾಗಿ. ಸ್ವಿಚ್ ಆಫ್ ಇತ್ತು. ಗುರುವಾರ ಮಾಡಿದ ಕೆಲಸ ಆಗಲೇ ನೆನಪಾಯಿತು. ಎಲ್ಲ ತಿಳಿಯಿತು. ಅದನ್ನು ಎತ್ತಿ ತೋರಿಸಲು ಅವನು ಕೈ ಚಾಚಿದ. ಹುಡುಗರು ಇನ್ನೂ ನಗುತ್ತಿದ್ದರು. ಅವನು ಅದನ್ನು ಎತ್ತಿಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ನಾನು ಕಂಬಿಯನ್ನು ಆ ಕೈ ಮೇಲೇ ಇಳಿಸಿದೆ.